ಗುಮಾಸ್ತನ ಕಿಂಡಿ

ಬ್ಯಾಡಗಿಯ ನಮ್ಮ ಹಳೆಯ ಚರ್ಚಿನಲ್ಲಿ, ಪೀಠದ ಬಲಗಡೆಗೆ ಒಂದು ಹಾಸುಗಲ್ಲಿದೆ. ಎರಡು ಮಳೆಗಾಲ ಕಳೆಯುವುದರೊಳಗೆ ಅದು ಒಂದು ಬೆರಳಿನಷ್ಟು ಕುಸಿದಿರುತ್ತದೆ. ಗೌಂಡಿ ಬಂದು ಎತ್ತುತ್ತಾನೆ, ಕೆಳಗೆ ಕಡಿ ಮರಳು ತುಂಬುತ್ತಾನೆ, ನೀರು ಹಾಕಿ ಬಡಿದು ಮತ್ತೆ ಕೂರಿಸುತ್ತಾನೆ. ಕಲ್ಲು ಮತ್ತೆ ಕುಸಿಯುತ್ತದೆ. ಒಬ್ಬ ಗೌಂಡಿ ಕೆಳಗೆ ಹಳೆಯ ಬಾವಿ ಇರಬೇಕೆಂದ. ಇನ್ನೊಬ್ಬ ಹೆಗ್ಗಣದ ಬಿಲವೆಂದ. ನಡುವೆ ಯಾರೋ ಅದು ಇಲ್ಲಿಗೆ ಬಂದ ಮೊದಲನೆಯ ಪಾದ್ರಿ ಸ್ವಾಮಿಗಳ ಗೋರಿ ಎಂದು ಹೇಳಿದ್ದೇ ತಡ, ಕೆಲವು ಹೆಣ್ಣುಮಕ್ಕಳು ಭಾನುವಾರ ಅಲ್ಲಿ ಹೂವು ಇಟ್ಟು ಹೋಗತೊಡಗಿದರು. ಹೂವು ಇಟ್ಟವರನ್ನು ನಾನು ಬೇಡ ಅನ್ನಲಿಲ್ಲ. ಅಲ್ಲಿ ನಮ್ಮವ್ವನ ಒಲೆ ಇತ್ತು. ವರ್ಷಗಟ್ಟಲೆ ಬೂದಿ ಕುಡಿದ ನೆಲ ಅದು. ಎಷ್ಟು ಬಡಿದರೂ ಗಟ್ಟಿಯಾಗುವುದಿಲ್ಲ. ನೀವು ಹಳೆಯ ಮನೆ ಕೊಳ್ಳುವವರಾದರೆ ನನ್ನದೊಂದು ಮಾತು ಕೇಳಿ: ಬಾಗಿಲು, ತೊಲೆ, ಗೋಡೆ ಎಲ್ಲ ಆಮೇಲೆ ನೋಡಿದರಾಯಿತು, ಮೊದಲು ಒಲೆ ಎಲ್ಲಿತ್ತು ಎಂದು ಕೇಳಿ. ಅಲ್ಲಿ ಭಾರ ಇಡಬೇಡಿ.

ಚರ್ಚಿನ ಪೀಠದ ಪಕ್ಕಕ್ಕೆ ಒಲೆ ಹೇಗೆ ಬಂತು ಎಂದು ನೀವು ಕೇಳಬಹುದು. ಒಲೆ ಬಂದದ್ದಲ್ಲ, ಪೀಠವೇ ಒಲೆಯ ಕಡೆ ನಡೆದು ಬಂತು. ಅದನ್ನು ಕರೆತಂದವಳು ನಾನು. ಆ ಕಥೆ ಹೇಳಬೇಕಾದರೆ ಕಟ್ಟಡದಿಂದಲೇ ಶುರು ಮಾಡಬೇಕು.

ನಮ್ಮ ಚರ್ಚು ಹುಟ್ಟುವಾಗ ಚರ್ಚಾಗಿರಲಿಲ್ಲ. ಅದು ಒಬ್ಬ ಸಾಹುಕಾರನ ಮೆಣಸಿನಕಾಯಿ ಗೋದಾಮು. ಹಾಗಾಗಿ ಅದರ ಒಂದೊಂದು ಅಂಗವೂ ಮೆಣಸಿನಕಾಯಿಯ ಅನುಕೂಲಕ್ಕೆ ತಕ್ಕಂತೆ ಆದದ್ದು. ಬಿಸಿಲು ಬಿದ್ದರೆ ಕಾಯಿಯ ಕೆಂಪು ಹಾರಿಹೋಗುತ್ತದೆ ಎಂದು ಕಿಟಕಿಗಳನ್ನೆಲ್ಲ ಸೂರಿನ ಹತ್ತಿರ, ಒಂದು ತೆಂಗಿನಕಾಯಿ ಹಿಡಿಯುವಷ್ಟು ಸಣ್ಣದಾಗಿ ಇಟ್ಟಿದ್ದರು. ಪೂಜೆಯ ಹೊತ್ತಿಗೆ ಆ ಕಿಟಕಿಗಳಿಂದ ಬೆಳಕು ಕೋಲು ಕೋಲಾಗಿ ಇಳಿಯುತ್ತಿತ್ತು. ಪರವೂರಿನಿಂದ ಬಂದವರು ಎಂಥ ಭಕ್ತಿಯ ಬೆಳಕು ಎಂದು ಕೈಮುಗಿಯುತ್ತಿದ್ದರು. ತೇವ ತಾಗದಿರಲಿ ಎಂದು ಮಣ್ಣಿನ ಗೋಡೆಯನ್ನು ಒಂದೂವರೆ ಮೊಳ ದಪ್ಪ ಎಬ್ಬಿಸಿದ್ದರು. ಚಕ್ಕಡಿಯಿಂದ ಚೀಲವನ್ನು ಸೀದಾ ಒಳಗೆ ಜಾರಿಸಲು ಅನುಕೂಲವಾಗಲೆಂದು ಮುಂದಿನ ಕಲ್ಲುಕಟ್ಟೆ ಚಕ್ಕಡಿಯ ಎತ್ತರಕ್ಕೇ ಇತ್ತು. ಆಮೇಲೆ ಮೆಟ್ಟಿಲು ಕಟ್ಟಿಸಿದರು. ಅದಕ್ಕೆ ಮುಂಚೆ ವಯಸ್ಸಾದವರನ್ನು ಕೈ ಹಿಡಿದು ಮೇಲೆಳೆಯುತ್ತಿದ್ದರಂತೆ. ಬಾಗಿಲ ಮೇಲಿನ ಸಾಗವಾನಿ ತೊಲೆಗೆ ದೊಡ್ಡ ತಕ್ಕಡಿ ತೂಗುಹಾಕುವ ಕಬ್ಬಿಣದ ಕೊಂಡಿ ಇತ್ತು. ಗಂಟೆ ಗೋಪುರ ಕಟ್ಟಲು ಆಗದ ಸ್ವಾಮಿಗಳು ಗಂಟೆಯನ್ನು ಅದೇ ಕೊಂಡಿಗೆ ತೂಗುಹಾಕಿದರು. ಇವತ್ತಿಗೂ ಅಲ್ಲೇ ಇದೆ. ತಪಸ್ಸುಕಾಲ ಶುರುವಾಗುವ ಮುಂಚೆ ಗೋಡೆ, ಜಂತಿ ಎಲ್ಲ ಜಾಡಿಸುವುದು ಪದ್ಧತಿ. ಜಾಡಿಸಿದ ಮರುದಿನದ ಪೂಜೆಯಲ್ಲಿ ಇಡೀ ಚರ್ಚು ಸೀನುತ್ತಿತ್ತು. ಅಷ್ಟು ವರ್ಷದ ಖಾರದ ಧೂಳು ಜಂತಿಗಳ ಸಂದಿಯಲ್ಲಿ ಮುಗಿಯದಂತೆ ಉಳಿದಿತ್ತು. ಪಾಪವನ್ನು ನೆನೆದು ಅಳಬೇಕಾದ ಕಾಲದಲ್ಲಿ ನಮ್ಮವರ ಕಣ್ಣಲ್ಲಿ ನೀರಿಗೆ ಬರವಿರಲಿಲ್ಲ.

ಸಾಹುಕಾರ ಗೋದಾಮನ್ನು ಕೊಟ್ಟದ್ದು ಯಾಕೆ ಎನ್ನುವುದಕ್ಕೆ ನಮ್ಮ ಮನೆಯಲ್ಲಿ ಎರಡು ಕಥೆಗಳಿದ್ದವು. ಅಪ್ಪನ ಅಕ್ಕ, ಎಲಿಸವ್ವತ್ತಿ, ಸಾಹುಕಾರನ ಮಗಳ ಜ್ವರ ಸ್ವಾಮಿಗಳ ಪ್ರಾರ್ಥನೆಯಿಂದ ಇಳಿಯಿತು, ಅದಕ್ಕೇ ಕೊಟ್ಟ ಎನ್ನುತ್ತಿದ್ದಳು. ಪೇಟೆಯಲ್ಲಿ ತೂಕದ ಕೆಲಸ ಮಾಡುತ್ತಿದ್ದ ಅಪ್ಪ ಮಾತ್ರ, ವ್ಯಾಪಾರವೆಲ್ಲ ಹೊಸ ಪೇಟೆಯ ಕಡೆ ಸರಿದು ಗೋದಾಮು ಖಾಲಿ ಬಿದ್ದಿತ್ತು, ಸ್ವಾಮಿಗಳು ಸರಿಯಾದ ಹೊತ್ತು ನೋಡಿ ಕೇಳಿದರು ಎನ್ನುತ್ತಿದ್ದ. ನಾನು ಅಪ್ಪನ ಕಥೆಯನ್ನೇ ನಂಬುತ್ತೇನೆ. ಹಾಗೆ ನಂಬಿದ್ದರಿಂದ ಆ ಸ್ವಾಮಿಗಳ ಮೇಲಿನ ಗೌರವ ಹೆಚ್ಚೇ ಆಗಿದೆ.

ಗೋದಾಮಿನ ಹಿಂಬದಿಗೆ, ಮೂಡಣ ಗೋಡೆಗೆ ಅಂಟಿಕೊಂಡು ಎರಡು ಖೋಲಿಗಳಿದ್ದವು. ಅಪ್ಪ ಗಂಟೆ ಹೊಡೆಯುವ, ಬಾಗಿಲು ತೆಗೆಯುವ, ದೀಪ ನೋಡಿಕೊಳ್ಳುವ ಕೆಲಸವನ್ನೂ ಮಾಡುತ್ತಿದ್ದುದರಿಂದ ಅವು ನಮಗೆ ವಾಸಕ್ಕೆ ಸಿಕ್ಕಿದ್ದವು. ಒಂದರಲ್ಲಿ ಮಲಗುತ್ತಿದ್ದೆವು. ಇನ್ನೊಂದು ಸಾಹುಕಾರನ ಗುಮಾಸ್ತ ಕೂರುತ್ತಿದ್ದ ಖೋಲಿ. ಅದು ಅವ್ವನ ಅಡುಗೆಮನೆ. ಗುಮಾಸ್ತ ಕೂತಲ್ಲಿಂದ ಏಳದೆಯೇ ಒಳಗಿನ ಹಮಾಲರಿಗೆ ಚೀಟಿ ಕೊಡಲು ಆ ಗೋಡೆಯಲ್ಲಿ ಒಂದು ಕಿಂಡಿ ಕೊರೆದಿದ್ದರು. ಕೈ ತೂರಿಸಿದರೆ ಹೆಗಲವರೆಗೆ ಹೋಗುವಷ್ಟು ಕಿಂಡಿ, ಕೂತವರ ಕಿವಿಯ ಮಟ್ಟಕ್ಕೆ. ಆಚೆ ಬದಿಗೆ ಪೀಠದ ಮಗ್ಗುಲಲ್ಲಿ ಸಂತ ಜೋಸೆಫರ ಪ್ರತಿಮೆ ನಿಲ್ಲಿಸಿದ್ದರಿಂದ ಚರ್ಚಿನೊಳಗಿನವರಿಗೆ ಕಿಂಡಿ ಕಾಣುತ್ತಿರಲಿಲ್ಲ. ಈಚೆ ಬದಿಗೆ ಅದರ ಕೆಳಗೇ ಒಲೆ. ಹೀಗಾಗಿ ಆ ಕಿಂಡಿಯಲ್ಲಿ ಎರಡೂ ಕಡೆಯ ಸಂಚಾರ ನಡೆದೇ ಇತ್ತು. ಧೂಪದ ಹೊಗೆ ಈಚೆ ಬಂದು ನಮ್ಮ ಜೋಳದ ಹಿಟ್ಟಿಗೆ ಸೇರುತ್ತಿತ್ತು. ಬೆಳ್ಳುಳ್ಳಿ ಒಗ್ಗರಣೆ ಆಚೆ ಹೋಗಿ ಉಪವಾಸದ ದಿನ ಬಂದವರ ಹೊಟ್ಟೆ ಹಿಂಡುತ್ತಿತ್ತು. ಈಗಲೂ ಎಲ್ಲಾದರೂ ಧೂಪ ಹಾಕಿದರೆ ನನಗೆ ದೇವರಿಗಿಂತ ಮೊದಲು ಬಿಸಿ ರೊಟ್ಟಿ ನೆನಪಾಗುತ್ತದೆ.

ಅವ್ವ ಮೋಟೆಬೆನ್ನೂರಿನವಳು, ಹೆಸರು ನೀಲವ್ವ. ಅವಳದು ಹಿಂದೂ ಮನೆತನ. ಅಪ್ಪನನ್ನು ಮೆಚ್ಚಿ ಮದುವೆಯಾಗುತ್ತೇನೆ ಅಂದಾಗ ಅವಳ ಅಪ್ಪ ತಿಂಗಳುಗಟ್ಟಲೆ ಮಾತು ಬಿಟ್ಟು, ಕೊನೆಗೆ ಒಂದು ಕರಾರಿನ ಮೇಲೆ ಒಪ್ಪಿದನಂತೆ: ತಲೆಯ ಮೇಲೆ ನೀರು ಹಾಕಿಸಿಕೊಳ್ಳಬಾರದು. ಜ್ಞಾನಸ್ನಾನ ಬೇಡ ಎಂಬುದಷ್ಟೇ ಅವನ ಮಾತು. ಪೂಜೆ ನಡೆಯುವಾಗ ಚರ್ಚಿನ ಹೊಸ್ತಿಲು ದಾಟುವುದಿಲ್ಲ ಎಂಬುದನ್ನು ಅವ್ವ ತಾನಾಗಿ ಸೇರಿಸಿಕೊಂಡಳು. ಉಳಿದ ಹೊತ್ತಿನಲ್ಲಿ ಚರ್ಚು ಅವಳದೇ. ದಿನಾ ಕಸ ಹೊಡೆಯುವವಳು, ಕಲ್ಲು ಒರೆಸುವವಳು, ಸಂತ ಜೋಸೆಫರ ಪಾದದ ಬಳಿಯ ಮೇಣ ಕೆರೆಯುವವಳು ಅವಳೇ. ಪೂಜೆಯ ಮೊದಲ ಗಂಟೆ ಆಯಿತೆಂದರೆ ಕಸಬರಿಗೆ ಎತ್ತಿಕೊಂಡು ಹಿಂದಿನ ಬಾಗಿಲಿಂದ ಅಡುಗೆಮನೆಗೆ ಬಂದುಬಿಡುತ್ತಿದ್ದಳು.

ಮತ್ತೆ ಕಿಂಡಿಯ ಕೆಳಗೆ ಕೂರುತ್ತಿದ್ದಳು. ಭಾನುವಾರದ ಅಡುಗೆ ಪೂಜೆಯ ಜೊತೆ ಜೊತೆಗೇ ನಡೆಯುತ್ತಿತ್ತು. ಮೊದಲ ಹಾಡಿಗೆ ಬೇಳೆ ಒಲೆಯ ಮೇಲೆ. ವಾಚನಕ್ಕೆ ಕಾಯಿಪಲ್ಯ ಹೆಚ್ಚುವುದು. ಪ್ರಸಂಗಕ್ಕೆ ಹಿಟ್ಟು ನಾದುವುದು. ಸ್ವಾಮಿಗಳು ಉದ್ದ ಮಾತಾಡಿದಷ್ಟೂ ಹಿಟ್ಟು ಮೆತ್ತಗಾಗುತ್ತಿತ್ತು. ಕಾಣಿಕೆಯ ಹಾಡಿಗೆ ಮೊದಲ ರೊಟ್ಟಿ ಹಂಚಿನ ಮೇಲೆ. ಆಮೇಲೆ ಪೀಠದಲ್ಲಿ ಸ್ವಾಮಿಗಳು ಪೂಜೆಯ ರೊಟ್ಟಿ ಎತ್ತಿ ತೋರಿಸುವ ಹೊತ್ತಿನ ಸಣ್ಣ ಗಂಟೆ ಕೇಳಿತೆಂದರೆ, ಸೆರಗಿನ ತುದಿಯಲ್ಲಿ ಕಾದ ಹಂಚನ್ನು ಹಿಡಿದು ಒಲೆಯಿಂದ ಇಳಿಸಿ, ತಲೆಯ ಮೇಲೆ ಸೆರಗು ಎಳೆದುಕೊಂಡು, ಕೈ ಕಟ್ಟಿ ಸುಮ್ಮನೆ ಕೂತುಬಿಡುತ್ತಿದ್ದಳು. ಆ ಹೊತ್ತಿನಲ್ಲಿ ನಾನು ಹಿಂದಿನ ಬಾಗಿಲಲ್ಲಿ ಕಾಣಿಸಿಕೊಂಡರೂ ಅವಳು ತಿರುಗುತ್ತಿರಲಿಲ್ಲ. ಎರಡನೆಯ ಸಲದ ಗಂಟೆಯೂ ಮುಗಿದು ಹಾಡು ಎದ್ದ ಮೇಲೆ ಹಂಚು ಮತ್ತೆ ಒಲೆಗೆ. ಅಪ್ಪ ಬಾಗಿಲು ಹಾಕಿ ಬರುವ ಹೊತ್ತಿಗೆ ಸರಿಯಾಗಿ ಊಟ ತಯಾರು. ನನಗೆ ಇದರಲ್ಲಿ ವಿಶೇಷ ಕಾಣಿಸುತ್ತಿರಲಿಲ್ಲ. ಎಲ್ಲರ ಅವ್ವಂದಿರೂ ಹೀಗೇ ಅಡುಗೆ ಮಾಡುತ್ತಾರೆ ಎಂದುಕೊಂಡಿದ್ದೆ.

ಎಲಿಸವ್ವತ್ತಿಗೆ ಇದು ಹೊಟ್ಟೆಯೊಳಗಿನ ಉರಿ. ಪೂಜೆ ಮುಗಿದ ಮೇಲೆ ನಮ್ಮಲ್ಲೇ ಉಣ್ಣುತ್ತಿದ್ದಳು, ಉಣ್ಣುತ್ತಲೇ ಚುಚ್ಚುತ್ತಿದ್ದಳು.

“ಇವತ್ತ ಒಗ್ಗರಣಿ ವಾಸ್ನಿ ಸಂತ ಜೋಸೆಫರ ಮೂಗಿಗೇ ಬಡೀತು ನೋಡು. ಪಾಪ, ಅವ್ರರ ಏನ್ ಮಾಡ್ಯಾರು, ಕೈಯಾಗ ಕೂಸೈತಿ, ಮೂಗು ಮುಚ್ಚಿಗೊಳ್ಳಾಕೂ ಬರೂದಿಲ್ಲ.”

“ಬಡಗ್ಯಾ ಅವ್ರು, ಅತ್ತಿಗಿ. ದುಡದ ಬಂದಾವಗ ಒಗ್ಗರಣಿ ವಾಸ್ನಿ ಸೇರತೈತಿ,” ಎಂದು ಅವ್ವ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು.

“ಹಾಡೆಲ್ಲ ಬಾಯಿಗೆ ಬರತಾವ, ಪ್ರಾರ್ಥನಿ ಬರತೈತಿ. ನಾಕು ಹೆಜ್ಜಿ ಒಳಗ ಬರಾಕ ಏನ್ ಧಾಡಿ ಆಗೇತಿ ನಿನಗ?”

“ಮಾತು ಕೊಟ್ಟೇನ್ರಿ.”

“ಮಾತು ತಗೊಂಡಾವ ಸತ್ತು ಎಷ್ಟ್ ವರ್ಷ ಆತು?”

“ಕೊಟ್ಟಾಕಿ ಇನ್ನೂ ಇದ್ದೇನಲ್ರಿ,” ಎನ್ನುತ್ತಿದ್ದಳು ಅವ್ವ. ಮಾತು ಅಲ್ಲಿಗೆ ಮುಗಿಯುತ್ತಿತ್ತು. ಅಪ್ಪ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ.

ನನ್ನ ಚೌಕಾಸಿಯ ಪಾಠಶಾಲೆಯೂ ಅದೇ ಕಟ್ಟಡವೇ. ಮುಂದಿನ ಕಲ್ಲುಕಟ್ಟೆಯ ಮೇಲೆ ಕಾಯಿಪಲ್ಯದವರು ಬುಟ್ಟಿ ಇಳಿಸಿ ದಣಿವಾರಿಸಿಕೊಳ್ಳುತ್ತಿದ್ದರು. ಅವ್ವ ಹೋಗಿ ಬದನೆಕಾಯಿ ಎತ್ತಿ ನೋಡುತ್ತಿದ್ದಳು, ಇಡುತ್ತಿದ್ದಳು, ದರ ಕೇಳಿ ಸುಮ್ಮನೆ ನಿಲ್ಲುತ್ತಿದ್ದಳು. ಬೇಡ ಎನ್ನುವುದಿಲ್ಲ, ಕಡಿಮೆ ಮಾಡು ಎನ್ನುವುದಿಲ್ಲ. ಸುಮ್ಮನಿರುವವರ ಮುಂದೆ ಮಾರುವವರಿಗೆ ತಡೆಯಲು ಆಗುವುದಿಲ್ಲ, ತಾವೇ ಇಳಿಯುತ್ತಾರೆ. ಇದನ್ನು ನೋಡಿಯೇ ನಾನು ಕಲಿತೆ. ಹತ್ತು ವರ್ಷ ತುಂಬುವಷ್ಟರಲ್ಲಿ ಪೇಟೆಯ ಅರ್ಧ ಜನ ನನ್ನನ್ನು ಕಂಡರೆ, “ಉಪವಾಸ ಕೆಡವಾಕ ಬಂದ್ಲು ಲೂಸವ್ವ,” ಎಂದು ನಗುತ್ತಿದ್ದರು. ನನ್ನ ಹೆಸರು ಲೂಸಿ. ಊರು ಅದಕ್ಕೆ ಅವ್ವ ಸೇರಿಸಿತ್ತು. ಆದರೆ ಅವ್ವನ ಮೌನದಿಂದ ನಾನು ಕಲಿತದ್ದು ಅರ್ಧ ಪಾಠ ಮಾತ್ರ. ಮಾರುವವರನ್ನು ಇಳಿಸುವುದಕ್ಕೆ ಮೌನ ಬೇಕು ಎನ್ನುವುದು ತಿಳಿಯಿತು. ಕೊಡಲು ಮನಸ್ಸಿಲ್ಲದವರೂ ಸುಮ್ಮನಿರುತ್ತಾರೆ ಎನ್ನುವುದು ತಿಳಿಯಲಿಲ್ಲ.

ನನಗೆ ಹನ್ನೊಂದು ನಡೆಯುತ್ತಿದ್ದಾಗ ದೊಡ್ಡ ಸ್ವಾಮಿಗಳು ಒಂದು ಮುಂಜಾನೆ ಸುರುಳಿ ಕಾಗದ ಹಿಡಿದು ನಮ್ಮ ಅಡುಗೆಮನೆಯ ಬಾಗಿಲಿಗೆ ಬಂದರು. ಮಂಗಳೂರು ಕಡೆಯವರು, ಪುಸ್ತಕದ ಕನ್ನಡ ಮಾತಾಡುತ್ತಿದ್ದರು. ಅಪ್ಪ ಓಡಿಹೋಗಿ ಸ್ಟೂಲು ತಂದ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಸ್ವಾಮಿಗಳು ಕಾಗದ ಬಿಚ್ಚಿ ತೋರಿಸಿದರು: ಬಿಷಪ್ಪರು ಬರುವವರಿದ್ದಾರೆ, ಗೋದಾಮಿನ ಹಾಗಿರುವುದು ಇನ್ನು ಚೆನ್ನಾಗಿರುವುದಿಲ್ಲ, ಮೂಡಣ ಗೋಡೆ ಒಡೆದು ಅಲ್ಲಿ ಒಂದು ದೊಡ್ಡ ಕಮಾನು ಎಬ್ಬಿಸಿ, ಹಿಂದೆ ಅರ್ಧ ಚಂದ್ರನ ಹಾಗೆ ಗೋಡೆ ಬಳಸಿ, ಪೀಠವನ್ನು ಅದರೊಳಗೆ ಇಡಬೇಕು. ಅರ್ಧ ಚಂದ್ರ ಬರುವ ಜಾಗದಲ್ಲಿ ನಾವು ಕೂತಿದ್ದೆವು. ನಮಗೆ ಬದಲಿಗೆ ಬಾವಿಯ ಹತ್ತಿರ ಎರಡು ಖೋಲಿ ಕಟ್ಟಿಸಿಕೊಡುತ್ತಾರೆ.

“ಆತ್ರಿ ಸ್ವಾಮಿ, ನೀವು ಹೆಂಗಂತೀರೋ ಹಂಗ,” ಅಂದ ಅಪ್ಪ, ಕೇಳಿ ಮುಗಿಯುವ ಮೊದಲೇ.

ಸ್ವಾಮಿಗಳು ಒಳ್ಳೆಯವರು. ಅಷ್ಟು ಸುಲಭವಾಗಿ ಸಿಕ್ಕಿದ್ದು ಅವರಿಗೇ ಮುಜುಗರವಾಯಿತು.

“ಒತ್ತಾಯವಿಲ್ಲ ಅಂತೋಣಿ. ಬಡಗಣ ದಿಕ್ಕಿಗೂ ಜಾಗವಿದೆ. ಪೀಠವನ್ನು ಆ ಗೋಡೆಗೆ ತಿರುಗಿಸಿದರೆ ಜನ ಉದ್ದಕ್ಕೆ ಕೂರುವ ಬದಲು ಅಡ್ಡಕ್ಕೆ ಕೂರಬೇಕಾಗುತ್ತದೆ, ಅಷ್ಟೇ. ನಿಮ್ಮ ಮನೆ ಮುಟ್ಟಬೇಕಿಲ್ಲ.”

ನನ್ನ ಕಿವಿ ನೆಟ್ಟಗಾದದ್ದು ಆಗ. ಕೊಳ್ಳಲು ಬಂದವರು ತಮಗೆ ಬೇರೆ ದಾರಿಯೂ ಇದೆ ಎಂದು ತಾವಾಗಿ ಹೇಳಿದರೆಂದರೆ, ಅವರಿಗೆ ಬೇಕಾದದ್ದು ಈ ದಾರಿಯೇ. ಇದನ್ನು ಯಾರೂ ನನಗೆ ಕಲಿಸಿರಲಿಲ್ಲ. ಬುಟ್ಟಿಗಳ ಮುಂದೆ ನಿಂತು ನಿಂತು ಗೊತ್ತಾಗಿತ್ತು.

“ಅಡ್ಡ ಕುಂತ್ರ ಹಿಂದಿನಾವರಿಗೆ ಕಂಬ ಅಡ್ಡ ಬರತಾವ್ರಿ ಸ್ವಾಮಿ,” ಅಂದೆ. “ಈ ಕಡೆನ ಚಂದ. ಆದ್ರ ಬಾವಿ ಮಗ್ಗಲ ಖೋಲಿ ಅಂದ್ರಿ. ನೀರು ಸೇದೂದು ಯಾರ್ರಿ?”

ಅಪ್ಪ ನನ್ನ ರಟ್ಟೆ ಹಿಡಿದ. “ಏ ಹುಡುಗಿ, ದೊಡ್ಡಾವ್ರ ಮುಂದ.”

“ಹೇಳಲಿ ಬಿಡು,” ಎಂದು ಸ್ವಾಮಿಗಳು ಸ್ಟೂಲನ್ನು ಮುಂದಕ್ಕೆ ಎಳೆದುಕೊಂಡರು. “ನೀರು ಸೇದುವುದಕ್ಕೆ ಕೈಪಂಪು ಹಾಕಿಸೋಣ.”

“ಪಂಪು ಹಾಕ್ಸೂದಾದ್ರ ಹೊರಗ ಯಾಕ್ರಿ, ಅಡಗೀಮನ್ಯಾಗ ನಳ ಬರೂಹಂಗ ಮಾಡ್ರಿ. ಮ್ಯಾಲ ಒಂದು ನೀರಿನ ಟಾಕಿ ಇಟ್ರಾತು.”

“ಟಾಕಿ?”

“ಸಣ್ಣದು, ಸ್ವಾಮಿ. ಮತ್ತ ಮ್ಯಾಲ ತಗಡು ಬ್ಯಾಡ್ರಿ, ಹಂಚು ಹಾಕಸ್ರಿ. ಬ್ಯಾಸಗ್ಯಾಗ ತಗಡಿನ ಕೆಳಗ ಅವ್ವ ರೊಟ್ಟಿ ಬಡಿಯೂದು ಬ್ಯಾಡ, ತಾನ ಬೇಯ್ತಾಳ.”

ಸ್ವಾಮಿಗಳು ನಕ್ಕರು. ನಕ್ಕವರು ಇನ್ನೂ ಒಂದು ಹೆಜ್ಜೆ ಇಳಿಯುತ್ತಾರೆ ಎಂದು ಗೊತ್ತಿದ್ದರಿಂದ ನಾನು ನಗಲಿಲ್ಲ. ಮೂಡಣಕ್ಕೆ ದೊಡ್ಡ ಕಿಟಕಿ ಕೇಳಿದೆ. ಹೊಗೆ ಹೋಗಲು ಚಿಮಣಿ ಕೇಳಿದೆ. ನಿಂತು ಅಡುಗೆ ಮಾಡುವ ಕಟ್ಟೆ, ಅದರ ಮೇಲೆ ನುಣುಪಾದ ಕಲ್ಲು, ಬಚ್ಚಲಿಗೆ ಚಿಲಕವಿರುವ ಬಾಗಿಲು, ನೆಲಕ್ಕೆ ಸಾರಿಸುವ ಕೆಲಸವಿಲ್ಲದ ಪರ್ಸಿ ಕಲ್ಲು. ನೆಲದ ಮಾತಿಗೆ ಸ್ವಾಮಿಗಳು ಆಗುವುದಿಲ್ಲವೆಂದು ತಲೆ ಅಲ್ಲಾಡಿಸಿದರು. ನಾನು ಅವ್ವನ ಹಾಗೆ ಸುಮ್ಮನೆ ನಿಂತೆ. ಅವರು ಸುರುಳಿ ಕಾಗದ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು.

“ಆಯಿತು, ಅಡುಗೆಮನೆಗೆ ಮಾತ್ರ.”

“ಅಡಗೀಮನಿಗೂ ಪಡಸಾಲಿಗೂ ನಡುವ ಗೆರಿ ಹೆಂಗ ಎಳೀತೀರಿ? ಕಲ್ಲು ಒಡೀಬೇಕಾಗತೈತಿ. ಎರಡಕ್ಕೂ ಹಾಸಿಬಿಡ್ರಿ.”

ಅವರು ಅಪ್ಪನ ಕಡೆ ತಿರುಗಿ, “ಅಂತೋಣಿ, ನಮ್ಮ ಶಾಲೆಗೆ ಕಟ್ಟಡ ಕಟ್ಟಿಸುವಾಗ ಇವಳನ್ನು ಕರೆದೊಯ್ಯುತ್ತೇನೆ,” ಅಂದರು. ಅಪ್ಪನಿಗೆ ಹೆದರಿಕೆಯೂ ಹೆಮ್ಮೆಯೂ ಒಟ್ಟಿಗೇ ಆಗಿ ಮುಖ ಹೇಗೆ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಏಳುವ ಮುನ್ನ ಸ್ವಾಮಿಗಳು ಒಲೆಯ ಕಡೆ ನೋಡಿದರು.

“ನೀಲಮ್ಮ, ನೀವು ಏನೂ ಹೇಳಲಿಲ್ಲ. ಅಡುಗೆಮನೆ ನಿಮ್ಮದು. ನಿಮಗೇನು ಬೇಕು?”

ಅಲ್ಲಿಯವರೆಗೆ ಒಂದೇ ಸಮನೆ ಕೇಳುತ್ತಿದ್ದ ರೊಟ್ಟಿ ಬಡಿಯುವ ಸದ್ದು ನಿಂತಿತು. ಅವ್ವ ಹಿಟ್ಟಿನ ಕೈಯನ್ನು ನಾದುವ ಕೊಣಮಿಗೆಯ ಅಂಚಿಗೆ ಒರೆಸಿದಳು. ಅವಳು ಬಾಯಿ ತೆಗೆದದ್ದು ನನಗೆ ಕಾಣಿಸಿತು. ವ್ಯಾಪಾರ ಕುದುರಿದ ಮೇಲೆ ನಮ್ಮ ಕಡೆಯವರೇ ಏನಾದರೂ ಆಡಿ ಕೆಡಿಸಿಬಿಟ್ಟಾರು ಎಂಬ ಗಾಬರಿ ನನಗೆ.

“ಅವ್ವಗ ಗಾಳಿ ಬೆಳಕು ಬೇಕ್ರಿ ಸ್ವಾಮಿ,” ಎಂದು ನಾನೇ ಹೇಳಿದೆ. “ಈ ಗ್ವಾಡಿ ಹೊಗಿ ಕುಡದು ಕರ್ರಗಾಗೇತಿ. ಇದನ್ನ ಕಟ್ಟಿಗೊಂಡು ಏನ್ ಮಾಡೂದೈತಿ? ಕೆಡವ್ರಿ.”

ಅವ್ವ ನನ್ನ ಮುಖ ನೋಡಿದಳು. ಆಮೇಲೆ ಮತ್ತೆ ಬಡಿಯತೊಡಗಿದಳು. ಗುಂಡಗಿನ ರೊಟ್ಟಿ, ಅಂಚು ಒಂದು ಕಡೆಗೂ ಹರಿದಿರಲಿಲ್ಲ.

ಹೇಳಿದ್ದನ್ನೆಲ್ಲ ಸ್ವಾಮಿಗಳು ಮಾಡಿಸಿದರು, ಟಾಕಿಯನ್ನೂ ಸೇರಿಸಿ. ಅಡುಗೆಮನೆಯಲ್ಲಿ ನಳ ತಿರುಗಿಸಿದರೆ ನೀರು ಬರುವುದನ್ನು ನೋಡಲು ಓಣಿಯ ಹೆಣ್ಣುಮಕ್ಕಳೆಲ್ಲ ಬಂದುಹೋದರು. ಎಲಿಸವ್ವತ್ತಿ ಕಟ್ಟೆಯ ಕಲ್ಲನ್ನು ಕೈಯಿಂದ ಸವರಿ, “ನಮ್ಮ ಲೂಸಿ ಬಿಷಪ್ಪರ ಮನಿ ಕೊಟ್ರೂ ಎರಡನೇ ಮಾಳಗಿ ಕೇಳಾಕಿ,” ಅಂದಳು. ನಾನು ನೆಲದ ಮೇಲೆ ಕಾಲಿಟ್ಟರೆ ಭೂಮಿ ನನ್ನದೇ ಅನಿಸುತ್ತಿತ್ತು. ಹಳೆಯ ಗೋಡೆ ಕೆಡವುವ ದಿನ ನಾನು ಶಾಲೆ ತಪ್ಪಿಸಿ ನೋಡಲು ಹೋಗಿದ್ದೆ. ಮಣ್ಣಿನ ಹೆಂಟೆಗಳ ನಡುವೆ ಕಿಂಡಿಯ ಒಳಮೈ ಕಾಣಿಸಿತು. ಒಂದು ಬದಿಗೆ ಒಲೆಯ ಮಸಿ, ಇನ್ನೊಂದು ಬದಿಗೆ ಸುಣ್ಣದ ಬಿಳುಪು. ಅವ್ವ ಆ ದಿನ ಮೋಟೆಬೆನ್ನೂರಿಗೆ ಹೋಗಿದ್ದಳು.

ಹೊಸ ಮನೆಯ ಮೊದಲ ಭಾನುವಾರ ರೊಟ್ಟಿಗಳು ಕರಕಾದವು. ಬೇಳೆ ತಳ ಹಿಡಿಯಿತು. ಅವ್ವನ ಕೈಯಿಂದ ಅಂಥದ್ದು ಆದದ್ದನ್ನು ನಾವು ಯಾರೂ ಕಂಡಿರಲಿಲ್ಲ.

“ಹೊಸಾ ಒಲಿ, ಉರಿ ಇನ್ನೂ ಕೈಗೆ ಹತ್ತಿಲ್ಲ,” ಅಂದ ಅಪ್ಪ, ಕರಕಾದದ್ದನ್ನೇ ಮುರಿದು ತಿನ್ನುತ್ತ.

“ಉರಿ ಅಲ್ಲ,” ಅಂದಳು ಅವ್ವ. “ಹೊತ್ತು ಗೊತ್ತಾಗ್ಲಿಲ್ಲ.”

ಆಮೇಲಾಮೇಲೆ ಅವಳು ಭಾನುವಾರದ ಅಡುಗೆಯನ್ನು ಪೂಜೆ ಮುಗಿದ ಮೇಲೆ ಮಾಡತೊಡಗಿದಳು. ಊಟ ತಡವಾಗುತ್ತಿತ್ತು. ಪೂಜೆಯ ಹೊತ್ತಿಗೆ ಅಕ್ಕಿಯ ಮೊರ ಹಿಡಿದು ಹೋಗಿ, ಹೊಸ ಅರ್ಧ ಚಂದ್ರನ ಗೋಡೆಗೆ ಬೆನ್ನು ಕೊಟ್ಟು ಹೊರಗೆ ಕೂತು ಹಸನು ಮಾಡುತ್ತಿದ್ದಳು. ನಾವು ರೊಟ್ಟಿ ತಿನ್ನುವ ಜನ. ಅಷ್ಟು ಹಸನು ಮಾಡುವ ಅಕ್ಕಿ ನಮ್ಮಲ್ಲಿ ಇರಲೂ ಇಲ್ಲ. ನಾನು ಚರ್ಚಿನಿಂದ ಬರುವಾಗ ಅವಳು ಅಲ್ಲಿರುವುದನ್ನು ನೋಡಿ, ನೆರಳಿಗೆ ಕೂತಿದ್ದಾಳೆ ಎಂದುಕೊಳ್ಳುತ್ತಿದ್ದೆ. ಕೆಲವು ತಿಂಗಳ ಮೇಲೆ ಅಲ್ಲಿ ಕೂರುವುದನ್ನೂ ಬಿಟ್ಟಳು. ರುಬ್ಬುವಾಗ, ಒರೆಸುವಾಗ ಗುನುಗುತ್ತಿದ್ದ ಹಾಡುಗಳು ಹಳೆಯವೇ ಉಳಿದವು. ಚರ್ಚಿನಲ್ಲಿ ಹೊಸ ಹಾಡುಗಳು ಬಂದವು, ಅವು ಅವಳಿಗೆ ಬರಲಿಲ್ಲ.

ನಾನು ಬೆಳೆದೆ. ಖಾರದ ಪುಡಿಯನ್ನು ಪೊಟ್ಟಣ ಕಟ್ಟಿ ಮಾರುವುದರಿಂದ ಶುರು ಮಾಡಿ, ರಾಣೆಬೆನ್ನೂರಿನಲ್ಲಿ ಸ್ವಂತ ಗಿರಣಿ ಹಾಕಿದೆ. ಹಾವೇರಿಯಿಂದ ಹಲಗೇರಿವರೆಗೆ ನನ್ನ ಜೊತೆ ವ್ಯವಹಾರ ಮಾಡಿದವರು ಲೂಸವ್ವನ ಮುಂದೆ ಹುಷಾರಾಗಿ ಕೂರಬೇಕು ಎನ್ನುತ್ತಾರೆ. ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ನನ್ನಲ್ಲಿಗೆ ಕರೆತಂದೆ. ನನ್ನ ಅಡುಗೆಮನೆಯಲ್ಲಿ ಇಲ್ಲದ್ದೇ ಇಲ್ಲ. ಕೆಲವು ವರ್ಷಗಳ ಹಿಂದೆ, ಅದೇ ಹಾಸುಗಲ್ಲು ಮತ್ತೆ ಕುಸಿದಾಗ, ಈಗಿನ ಎಳೆಯ ಸ್ವಾಮಿಗಳು ನೆಲದ ವಿಷಯ ಮಾತಾಡಲು ನನ್ನನ್ನು ಕರೆಸಿದರು. ಭಾನುವಾರ ಎಂಟಕ್ಕೆ ಹೋದೆ. ಪೂಜೆ ನಡೆಯುತ್ತಿತ್ತು, ಒಳಗೆ ಜಾಗವಿರಲಿಲ್ಲ. ಸುತ್ತು ಹಾಕಿಕೊಂಡು ಹಿಂದೆ ಬಂದು ಅರ್ಧ ಚಂದ್ರನ ಗೋಡೆಯ ಬಳಿ ನಿಂತೆ. ಮೂಡಣದ ಬಿಸಿಲು ನೇರ ಮುಖಕ್ಕೆ ಬಿತ್ತು. ಕಣ್ಣು ಬಿಡಲಾಗುತ್ತಿರಲಿಲ್ಲ. ಗೋಡೆ ಆಗಲೇ ಕಾದಿತ್ತು.

ಮುಂಜಾನೆ ಆ ಗೋಡೆಯ ಹಿಂದೆ ನೆರಳೇ ಬೀಳುವುದಿಲ್ಲ.

ಒಳಗೆ ಇಡೀ ಚರ್ಚು ಹಾಡುತ್ತಿತ್ತು. ಗೋಡೆಗೆ ಕಿವಿ ಕೊಟ್ಟೆ. ಯಾವ ಹಾಡು ಎಂದು ಗುರುತು ಹತ್ತಲಿಲ್ಲ. ಸಣ್ಣ ಗಂಟೆ ಆಯಿತೋ ಇಲ್ಲವೋ ಅದೂ ತಿಳಿಯಲಿಲ್ಲ. ಅವ್ವನಿಗೆ ಆ ಕಿಂಡಿ ಏನಾಗಿತ್ತು ಎನ್ನುವುದು, ಅಷ್ಟು ವರ್ಷ ಬೇರೆಯವರ ಮುಖ ಓದಿ ಹೊಟ್ಟೆ ಹೊರೆದವಳಿಗೆ, ಅಲ್ಲಿ ಬಿಸಿಲಲ್ಲಿ ನಿಂತಾಗ ಗೊತ್ತಾಯಿತು.

ಮನೆಗೆ ಬಂದಾಗ ಅವ್ವ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಳು. ಚಪ್ಪಲಿ ಬಿಡುವ ಮೊದಲೇ ಕೇಳಿದೆ.

“ಯವ್ವಾ, ದೊಡ್ಡ ಸ್ವಾಮಿಗೋಳು ನಿನಗೇನ್ ಬೇಕು ಅಂತ ಕೇಳಿದ್ರು. ಯಾಕ ಹೇಳ್ಲಿಲ್ಲ?”

“ಯಾವಾಗ?”

“ಅಡಗೀಮನಿ ಗ್ವಾಡಿ ಕೆಡವೂ ಮುಂದ. ಕಿಂಡಿ ಇರಲಿ ಅಂತ ಒಂದು ಮಾತು ಅಂದಿದ್ರ ಸಾಕಿತ್ತು. ಬಡಗಣ ಕಡೆ ಹೋಗತಿದ್ರು ಅವ್ರು.”

ಅವ್ವ ಕೈಯಲ್ಲಿದ್ದ ಎಸಳನ್ನು ಪೂರ್ತಿ ಸುಲಿದು ತಟ್ಟೆಗೆ ಹಾಕಿದಳು. ಮರೆತಿರಲಿಲ್ಲ, ಎಲ್ಲಿಂದ ಹೇಳಬೇಕೆಂದು ನೋಡುತ್ತಿದ್ದಳು.

“ಹೇಳಾಕಂತ ಬಾಯಿ ತಗದಿದ್ನಿ. ನೀ ಅಷ್ಟು ಚಂದ ಚೌಕಾಸಿ ಮಾಡಾಕತ್ತಿದ್ದಿ. ನಿಮ್ಮಪ್ಪ ಯಾರ ಮುಂದೂ ಒಂದಿನಾ ಬ್ಯಾಡ ಅಂದಾವಲ್ಲ. ಅಂಥಾ ದೊಡ್ಡ ಸ್ವಾಮಿಗೋಳು ನಿನ್ನ ಮುಂದ ಸ್ಟೂಲ ಎಳಕೊಂಡು ಕುಂತಿದ್ರು. ನಡುವ ಹೆಂಗ ಬಾಯಿ ಹಾಕ್ಲಿ?”

ನಾನು ಚಪ್ಪಲಿ ಬಿಟ್ಟು ಅವಳ ಮುಂದೆ ಕೂತೆ. ಬಾಯಿಗೆ ಬಂದದ್ದು ನನ್ನ ಹಳೆಯ ಚಾಳಿಯೇ. “ಈಗಿನ ಸ್ವಾಮಿಗೋಳಿಗೆ ಹೇಳಿ ಹಿಂದಿನ ಗ್ವಾಡಿಗೆ ಕಿಂಡಿ ಕೊರಸ್ಲಿ? ಚರ್ಚಿನ ನೆಲಾ ಪೂರಾ ನಾ ಹಾಕಸ್ತೇನಿ ಅಂತೀನಿ. ಒಪ್ತಾರ.”

“ಹುಚ್ಚಿ,” ಅಂದಳು ಅವ್ವ. “ಮಳಿ ನೀರು ಒಳಗ ಇಳೀತೈತಿ.”

ಕಿಂಡಿ ಕೊರೆಸಲಿಲ್ಲ. ಅದಕ್ಕೆ ಬದಲು ಮುಂದಿನ ಭಾನುವಾರ ಅವಳನ್ನು ಬ್ಯಾಡಗಿಗೆ ಕರೆದೊಯ್ದೆ. ಒಳಗೆ ಬಾ ಎಂದು ಕರೆಯಲಿಲ್ಲ. ಅಷ್ಟು ಬುದ್ಧಿ ಬಂದಿತ್ತು. ಚಕ್ಕಡಿ ಎತ್ತರದ ಆ ಕಲ್ಲುಕಟ್ಟೆಯ ಮೇಲೆ, ತೆರೆದ ಬಾಗಿಲ ಪಕ್ಕದಲ್ಲಿ, ಗಂಟೆ ತೂಗುವ ಕೊಂಡಿಯ ಕೆಳಗೆ ಕುರ್ಚಿ ಹಾಕಿಸಿದೆ. ಅವಳು ಕುರ್ಚಿ ಸರಿಸಿ ನೆಲದ ಮೇಲೆ, ಒಲೆಯ ಮುಂದೆ ಕೂರುವ ಹಾಗೆ ಕೂತಳು. ನಾನು ಪಕ್ಕದಲ್ಲಿ ಕೂತೆ. ಹಾಡುಗಳು ಹೊಸವು, ಅವಳು ಸುಮ್ಮನೆ ಕೇಳಿದಳು. ಪ್ರಸಂಗ ಉದ್ದವಾಯಿತು, ಅವಳ ಬೆರಳುಗಳು ಮಡಿಲಲ್ಲಿ ಸೀರೆಯ ನೆರಿಗೆಯನ್ನು ಮೆಲ್ಲಗೆ ನಾದುತ್ತಿದ್ದವು. ಆಮೇಲೆ ಒಳಗೆ ಎಲ್ಲರೂ ಮೊಣಕಾಲೂರಿದ ಸದ್ದು ಬಂತು, ಚರ್ಚು ಶಾಂತವಾಯಿತು, ಸಣ್ಣ ಗಂಟೆ ಆಯಿತು.

ಅವ್ವನ ಎರಡೂ ಕೈ ಮುಂದೆ ಹೋದವು. ಸೆರಗಿನ ತುದಿಯಲ್ಲಿ ಏನನ್ನೋ ಹಿಡಿದು, ಎತ್ತಿ, ಪಕ್ಕದ ಕಲ್ಲಿನ ಮೇಲೆ ಇಳಿಸಿದವು. ಆಮೇಲೆ ತಲೆಯ ಮೇಲೆ ಸೆರಗು ಎಳೆದುಕೊಂಡು ಕೈ ಕಟ್ಟಿ ಕೂತಳು. ಎರಡನೆಯ ಗಂಟೆ ಮುಗಿದು ಹಾಡು ಏಳುವವರೆಗೆ ನನ್ನ ಕಡೆ ತಿರುಗಲಿಲ್ಲ.

ತಿರುಗಿದಾಗ ನಾನು ನೋಡುತ್ತಿದ್ದುದು ಅವಳಿಗೆ ಕಂಡಿತು. ತನ್ನ ಕೈಗಳನ್ನು ನೋಡಿಕೊಂಡು ನಾಚಿದವಳಂತೆ ನಕ್ಕಳು.

“ಇನ್ನೊಂಚೂರು ತಡಾ ಆಗಿದ್ರ,” ಅಂದಳು, “ಕರಕಾಗತಿತ್ತು.”

ಅವ್ವ ಹೋಗಿ ಎರಡು ವರ್ಷವಾಯಿತು. ಹೋದ ಮಳೆಗಾಲದಲ್ಲಿ ಆ ಹಾಸುಗಲ್ಲು ಮತ್ತೆ ಕುಸಿದಿದೆ. ಎತ್ತಿ ಕೂರಿಸಲೇ ಎಂದು ಗೌಂಡಿ ಫೋನು ಮಾಡಿದ್ದ. ಹಾಗೇ ಬಿಡು ಅಂದೆ.